ಸೆಂಟರ್ ಆಡುತ್ತಿದ್ದ ಹುಡುಗನನ್ನು ಹೊಸ ಕೋಚ್ ಡಿಫೆನ್ಸ್‌ಗೆ ಹಾಕಿದ್ದೇಕೆ?

ಪ್ರಶ್ನೆ: ನಾವು ಹಾಸನದ ಕಡೆಯವರು, ಹನ್ನೊಂದು ವರ್ಷದಿಂದ ಪಿಟ್ಸ್‌ಬರ್ಗ್‌ನಲ್ಲಿದ್ದೇವೆ. ಮಗನಿಗೆ 13 ವರ್ಷ, ಐಸ್ ಹಾಕಿ ಆಡುತ್ತಾನೆ. ಬಲಗಡೆಯಿಂದ ಹೊಡೆಯುವವನು. ಮೂರು ವರ್ಷ ಸೆಂಟರ್ ಆಡಿದ, ಗೋಲೂ ಹೊಡೆಯುತ್ತಿದ್ದ. ಈ ಸಲ 14ಯು (14 ವರ್ಷದವರೆಗಿನವರ) ತಂಡಕ್ಕೆ ಹೊಸ ಕೋಚ್ ಬಂದಿದ್ದಾರೆ. ಬಂದ ಎರಡನೇ ವಾರಕ್ಕೇ ಇವನನ್ನು ಬಲಬದಿಯ ಡಿಫೆನ್ಸ್‌ಗೆ ಹಾಕಿದರು. ಕೇಳಿದರೆ "ನಮ್ಮ ಸಿಸ್ಟಮ್ ಬೇರೆ" ಅನ್ನುತ್ತಾರೆ, ಅಷ್ಟೇ. ಮೊದಲ ಐದು ಪಂದ್ಯಗಳಲ್ಲಿ ನಾಲ್ಕು ಸೋತಾಗಿದೆ. ಮಗ ಮಂಕಾಗಿದ್ದಾನೆ. ನಾನು ಕ್ರಿಕೆಟ್ ನೋಡಿ ಬೆಳೆದವನು. ಓಪನರ್‌ನನ್ನು ಏಳನೇ ಕ್ರಮಾಂಕಕ್ಕೆ ಇಳಿಸಿದ ಹಾಗೆ ಅನ್ನಿಸುತ್ತಿದೆ. ಸಿಸ್ಟಮ್ ಅಂದರೇನು ಸರ್? ಕೋಚ್ ಬದಲಾದ ಕೂಡಲೇ ಆಟಗಾರರ ಜಾಗ ಯಾಕೆ ಬದಲಾಗಬೇಕು? ನಾನು ಹೋಗಿ ಮಾತಾಡಲೇ, ಸುಮ್ಮನಿರಲೇ?

ಉತ್ತರ: "ಇಳಿಸಿದ ಹಾಗೆ" ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಮಗನ ಮಂಕಿಗೆ ಅರ್ಧ ಕಾರಣ ಆ ಮಾತೇ ಇದ್ದೀತು. ಅಪ್ಪನ ಮನಸ್ಸಿನಲ್ಲಿ ಏನಿದೆ ಎಂಬುದು ಮಕ್ಕಳಿಗೆ ಹೇಳದೆಯೂ ಗೊತ್ತಾಗುತ್ತದೆ.

ಕ್ರಿಕೆಟ್‌ನ ಬ್ಯಾಟಿಂಗ್ ಕ್ರಮಾಂಕ ಸರತಿ ಸಾಲು ಇದ್ದಂತೆ. ಏಳನೆಯವನ ಪಾಳಿ ಬರುವ ಹೊತ್ತಿಗೆ ಓವರುಗಳೇ ಮುಗಿದಿರಬಹುದು. ಐಸ್ ಹಾಕಿಯಲ್ಲಿ ಅಂಥ ಸಾಲಿಲ್ಲ. ಗೋಲಿ (ಗೋಲು ಕಾಯುವವನು) ಬಿಟ್ಟರೆ ಐದು ಜನ: ಮೂವರು ಫಾರ್ವರ್ಡ್ (ನಡುವೆ ಸೆಂಟರ್, ಅಕ್ಕಪಕ್ಕ ವಿಂಗರ್), ಇಬ್ಬರು ಡಿಫೆನ್ಸ್. ಮುಕ್ಕಾಲು ನಿಮಿಷ ಉಸಿರು ಬಿಗಿಹಿಡಿದು ಆಡಿ ಬೆಂಚಿಗೆ ಬರುತ್ತಾರೆ, ಮುಂದಿನವರು ಇಳಿಯುತ್ತಾರೆ. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್) ತಂಡ ಸಾಮಾನ್ಯವಾಗಿ 12 ಫಾರ್ವರ್ಡ್, 6 ಡಿಫೆನ್ಸ್ ಆಟಗಾರರನ್ನು ಇಳಿಸುತ್ತದೆ. ಮೂರು ಜಾಗವನ್ನು ಹನ್ನೆರಡು ಜನ ಹಂಚಿಕೊಂಡರೆ 60 ನಿಮಿಷದಲ್ಲಿ ತಲೆಗೆ 15 ನಿಮಿಷ. ಎರಡು ಜಾಗವನ್ನು ಆರು ಜನ ಹಂಚಿಕೊಂಡರೆ ತಲೆಗೆ 20 ನಿಮಿಷ. ಅಂದರೆ ಡಿಫೆನ್ಸ್‌ಗೆ ಹೋದವನಿಗೆ ಐಸ್ ಮೇಲೆ ಸಿಗುವ ಹೊತ್ತು ಹೆಚ್ಚೇ ಹೊರತು ಕಡಿಮೆಯಲ್ಲ. ಮುಂದಿನ ಪಂದ್ಯದಲ್ಲಿ ಫೋನಿನ ಗಡಿಯಾರ ಇಟ್ಟುಕೊಂಡು ನೀವೇ ಲೆಕ್ಕ ಹಾಕಿ ನೋಡಿ.

ನಾನು ವಿರಾಜಪೇಟೆ ಕಡೆಯವನು. ಕೊಡಗಿನ ಮೈದಾನಗಳಲ್ಲಿ ಹಾಫ್‌ಬ್ಯಾಕ್ ಆಡಿ ಬೆಳೆದು, ಕೆಲಸಕ್ಕೆಂದು ಕೆನಡಾದ ಆಲ್ಬರ್ಟಾಕ್ಕೆ ಬಂದು, ಮಗಳನ್ನು ರಿಂಕಿಗೆ ಕರೆದೊಯ್ಯುತ್ತ ಸ್ಕೇಟಿಂಗ್ ಕಲಿತವನು. ಹದಿನೆಂಟು ವರ್ಷದಿಂದ ಮಕ್ಕಳ ತಂಡಗಳಿಗೆ ಕೋಚ್ ಆಗಿದ್ದೇನೆ. "ಜಾಗ ಯಾಕೆ ಬದಲಾಗಬೇಕು" ಎಂಬ ನಿಮ್ಮ ಪ್ರಶ್ನೆ ನನಗೆ ಹೊಸದಲ್ಲ, ನಮ್ಮ ಹುಲ್ಲಿನ ಹಾಕಿಯವರೂ ಅದನ್ನೇ ಕೇಳಿದ್ದರು. ಐದು ಫಾರ್ವರ್ಡ್, ಮೂರು ಹಾಫ್, ಎರಡು ಬ್ಯಾಕ್ ಎಂಬ ಹಳೆಯ ಜೋಡಣೆಯಲ್ಲಿ ಒಬ್ಬೊಬ್ಬನಿಗೆ ಒಂದೊಂದು ಪಟ್ಟೆ ನೆಲ ಇತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಟರ್ಫ್ ಹಾಸಿದರು. ಚೆಂಡು ಓಡುವ ವೇಗ ಬದಲಾಯಿತು, ಆ ಪಟ್ಟೆಗಳಿಗೆ ಅರ್ಥ ಉಳಿಯಲಿಲ್ಲ. ಭಾರತ ಏಳನೇ ಸ್ಥಾನಕ್ಕೆ ಹೋಯಿತು. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ಪಕ್ ಎಂಬ ರಬ್ಬರ್ ಬಿಲ್ಲೆ ಇನ್ನೂ ಜೋರು, ಜಾಗ ಇನ್ನೂ ಚಿಕ್ಕದು. 200 ಅಡಿ ಉದ್ದ, 85 ಅಡಿ ಅಗಲ, ಸುತ್ತ ಗೋಡೆ. ಇಲ್ಲಿ ನೆಲದ ತುಂಡನ್ನು ಹಂಚಿಕೊಟ್ಟು ಪ್ರಯೋಜನವಿಲ್ಲ, ಹೊಣೆಯನ್ನು ಹಂಚಬೇಕು. ಆ ಹಂಚಿಕೆಗೇ ಸಿಸ್ಟಮ್ ಅನ್ನುವುದು.

ಹೊಣೆ ಅಂದರೆ ಹೀಗೆ. ಪಕ್ ಎದುರಾಳಿಯ ಮೂಲೆಯಲ್ಲಿದೆ, ಅವರ ಡಿಫೆನ್ಸ್‌ನವನು ಅದನ್ನು ಎತ್ತಿಕೊಳ್ಳಲು ಹೋಗುತ್ತಿದ್ದಾನೆ. ನಮ್ಮವರಲ್ಲಿ ಮೊದಲು ಯಾರು ಅವನ ಮೇಲೆ ಬೀಳಬೇಕು? ಇದನ್ನು ಫೋರ್‌ಚೆಕ್ ಅನ್ನುತ್ತಾರೆ. ಮಗನ ಕೋಚ್ ಬೋರ್ಡ್ ಮೇಲೆ ಎಫ್1, ಎಫ್2, ಎಫ್3 ಎಂದು ಬರೆಯುವುದನ್ನು ನೋಡಿರಬಹುದು. ಅಲ್ಲಿ ಸೆಂಟರ್, ಲೆಫ್ಟ್ ವಿಂಗ್, ರೈಟ್ ವಿಂಗ್ ಎಂದು ಬರೆಯುವುದಿಲ್ಲ. ಮೊದಲು ತಲುಪಿದವನು ಎಫ್1, ಅವನು ಯಾರೇ ಆಗಿರಲಿ. ಎರಡನೆಯವನು ಮೊದಲನೆಯವನ ನಡೆ ನೋಡಿ ಹೋಗುತ್ತಾನೆ. ಮೂರನೆಯವನು ಇಬ್ಬರನ್ನೂ ನೋಡಿ ಮೇಲೆ ನಿಲ್ಲುತ್ತಾನೆ. ಪಟ್ಟಿಯಲ್ಲಿ ಹೆಸರಿನ ಮುಂದೆ ಬರೆದಿರುವ ಸ್ಥಾನ ಆಟ ಶುರು ಮಾಡುವ ಫೇಸ್‌ಆಫ್‌ನಲ್ಲಿ ಪಕ್ ಬೀಳುವ ತನಕ ಮಾತ್ರ. ಆಮೇಲೆ ಇರುವುದು ಮೊದಲನೆಯವ, ಎರಡನೆಯವ, ಮೂರನೆಯವ ಎಂಬ ಲೆಕ್ಕ. ಹೊಸ ಕೋಚ್ ಬಂದ ಕೂಡಲೇ ಬದಲಾಗುವುದು ಈ ಲೆಕ್ಕ. ಮೊದಲನೆಯವನ ಜೊತೆ ಎರಡನೆಯವನೂ ಒಳನುಗ್ಗಬೇಕೋ, ಅಥವಾ ಒಬ್ಬನೇ ಹೋಗಿ ಉಳಿದ ನಾಲ್ವರು ದಾರಿ ಕಟ್ಟಬೇಕೋ? ಮುಂದಿನಿಂದ ಹಿಂದಕ್ಕೆ ಎಣಿಸಿದರೆ, ಇಬ್ಬರನ್ನು ಕಳಿಸಿದ್ದು 2-1-2, ಒಬ್ಬನನ್ನು ಕಳಿಸಿದ್ದು 1-2-2. ಹಾಗೆಯೇ ನಮ್ಮ ಮೂಲೆಯಿಂದ ಪಕ್ ಹೊರತರುವುದು ಹೇಗೆ, ನಮ್ಮ ಗೋಲಿನ ಮುಂದೆ ಕಾಯುವುದು ಹೇಗೆ ಎಂಬುದಕ್ಕೂ ಒಂದೊಂದು ಉತ್ತರ ಬೇಕು. 

ಇದರಲ್ಲಿ ಯಾವ ಉತ್ತರ ಸರಿ? ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಸರಿ. ವೇಗದ ಹುಡುಗರಿದ್ದರೆ ಇಬ್ಬರನ್ನು ಕಳಿಸಬಹುದು, ಸೋತರೂ ಓಡಿ ಹಿಂದೆ ಬರುತ್ತಾರೆ. ಕಾಲಿನಲ್ಲಿ ವೇಗವಿಲ್ಲದಿದ್ದರೆ ಒಬ್ಬನೇ ಸಾಕು. ಒಳ್ಳೆಯ ಕೋಚ್ ಮೊದಲ ಎರಡು ವಾರ ಬರೀ ಕಾಲುಗಳನ್ನೇ ನೋಡುತ್ತಾನೆ. ನಿಮ್ಮ ಕೋಚ್ ಎರಡನೇ ವಾರದಲ್ಲಿ ಬದಲಾವಣೆ ಮಾಡಿದರು ಅಂದಿರಿ. ನನಗೆ ಅದು ಅವಸರವಾಗಿ ಕಾಣುವುದಿಲ್ಲ.

ಒಂದು ಸಿಸ್ಟಮ್ ಇಡೀ ಆಟವನ್ನೇ ಬದಲಿಸಿದ ಉದಾಹರಣೆ ಎನ್‌ಎಚ್‌ಎಲ್‌ನ ನ್ಯೂಜೆರ್ಸಿ ಡೆವಿಲ್ಸ್ ತಂಡ. 1993ರಲ್ಲಿ ಅಲ್ಲಿಗೆ ಜಾಕ್ ಲೆಮೇರ್ ಕೋಚ್ ಆಗಿ ಬಂದರು. ಆಟಗಾರನಾಗಿ ಮಾಂಟ್ರಿಯಲ್ ಪರ ಎಂಟು ಸ್ಟ್ಯಾನ್ಲಿ ಕಪ್ (ಆ ಲೀಗ್‌ನ ಚಾಂಪಿಯನ್ ಪ್ರಶಸ್ತಿ) ಗೆದ್ದ ಫಾರ್ವರ್ಡ್ ಅವರು, ಗೋಲು ಹೊಡೆದು ಬದುಕಿದವರು. ಅಂಥವರು ನ್ಯೂಜೆರ್ಸಿಗೆ ಕಲಿಸಿದ್ದು ನಡುಮೈದಾನವನ್ನು ಮುಚ್ಚುವ ಆಟ, ನ್ಯೂಟ್ರಲ್ ಜೋನ್ ಟ್ರ್ಯಾಪ್. ಒಬ್ಬ ಫಾರ್ವರ್ಡ್ ಪಕ್ ಇರುವವನನ್ನು ಗೋಡೆಯ ಕಡೆಗೆ ಓಡಿಸುತ್ತಾನೆ, ದನವನ್ನು ಕೊಟ್ಟಿಗೆಯ ಬಾಗಿಲಿಗೆ ಹೊಡೆದ ಹಾಗೆ. ಅಲ್ಲಿ ವಿಂಗರ್ ಮೊದಲೇ ಕಾದು ನಿಂತಿರುತ್ತಾನೆ. ನಡುವಿನ ಪಾಸನ್ನು ಇನ್ನೊಬ್ಬ ಮುಚ್ಚಿರುತ್ತಾನೆ. ಇದೆಲ್ಲ ದಾಟಿ ಬಂದರೆ ತಮ್ಮ ವಲಯ ಶುರುವಾಗುವ ನೀಲಿ ಗೆರೆಯ ಮೇಲೆ ಡಿಫೆನ್ಸ್ ಆಟಗಾರ ಸ್ಕಾಟ್ ಸ್ಟೀವನ್ಸ್. 1995ರ ಫೈನಲ್‌ನಲ್ಲಿ ಎದುರಾಳಿ ಡೆಟ್ರಾಯಿಟ್, ಆ ಋತುವಿನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದ ತಂಡ. ನಾಲ್ಕಕ್ಕೆ ನಾಲ್ಕೂ ಪಂದ್ಯ ನ್ಯೂಜೆರ್ಸಿಗೆ. ಡೆಟ್ರಾಯಿಟ್ ನಾಲ್ಕು ಪಂದ್ಯಗಳಲ್ಲಿ ಹೊಡೆದದ್ದು ಒಟ್ಟು ಏಳೇ ಗೋಲು.

ಆ ತಂಡದ ವಿಂಗರ್‌ಗಳ ಗತಿ ಏನಾಯಿತು ಯೋಚಿಸಿ. ಪಟ್ಟಿಯಲ್ಲಿ ಅವರ ಸ್ಥಾನ ಬದಲಾಗಲೇ ಇಲ್ಲ, ವಿಂಗರ್‌ಗಳಾಗಿಯೇ ಉಳಿದರು. ಆದರೆ ಕೆಲಸ ಪೂರಾ ಬದಲಾಯಿತು. ಹಿಂದೆ ಪಕ್ ಕಂಡಲ್ಲಿ ನುಗ್ಗುತ್ತಿದ್ದವರು ಈಗ ತಮ್ಮ ಗಲ್ಲಿ ಬಿಡದೆ ಕಾಯಬೇಕು. ನಿಮ್ಮ ಮಗನಿಗೆ ಆದದ್ದು ಇದರ ತಿರುಗುಮುರುಗು: ಹೆಸರು ಬದಲಾಗಿದೆ, ಕೆಲಸ ನೀವು ಅಂದುಕೊಂಡಷ್ಟು ಬದಲಾಗಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಡೆಟ್ರಾಯಿಟ್‌ನ ಸ್ಕಾಟಿ ಬೌಮನ್ ಆ ಸೋಲನ್ನು ಅರಗಿಸಿಕೊಂಡು 1997, 1998ರಲ್ಲಿ ಕಪ್ ಗೆದ್ದರು. ಅವರ ತಂಡ ಲೆಫ್ಟ್ ವಿಂಗ್ ಲಾಕ್ ಆಡುತ್ತಿತ್ತು. ಪಕ್ ಕಳೆದ ಕೂಡಲೇ ಎಡ ವಿಂಗರ್ ಇಬ್ಬರು ಡಿಫೆನ್ಸ್‌ಗಳ ಸಾಲಿಗೆ ಬಂದು ಮೂರನೆಯವನಾಗುವ ಪದ್ಧತಿ ಅದು. 1996-97ರಲ್ಲಿ ಬೌಮನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸರ್ಗೇ ಫೆಡರೋವ್ ಅವರನ್ನೇ ಕೆಲಕಾಲ ಡಿಫೆನ್ಸ್‌ನಲ್ಲಿ ಆಡಿಸಿದರು. 1994ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಎಂದು ಹಾರ್ಟ್ ಟ್ರೋಫಿ ಪಡೆದಿದ್ದ ಸೆಂಟರ್ ಅವರು! ಅವರನ್ನು "ಇಳಿಸಿದರು" ಅನ್ನಲಾದೀತೇ?

ಈಗ ನಿಮ್ಮ ಊರಿನ ಕಥೆಗೆ ಬರೋಣ. ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದ ಕೋಚ್ ಆಗಿದ್ದ ಮೈಕ್ ಸಲಿವನ್ 2025ರಲ್ಲಿ ನ್ಯೂಯಾರ್ಕ್ ರೇಂಜರ್ಸ್‌ಗೆ ಹೋದರು, ಪೆಂಗ್ವಿನ್ಸ್‌ಗೆ ಡ್ಯಾನ್ ಮ್ಯೂಸ್ ಬಂದರು. ನಾನು ಹೇಳಬೇಕೆಂದಿರುವುದು ಸಲಿವನ್ ಬಂದಾಗಿನ ವಿಷಯ. ಹೊಸ ಕೋಚ್ ಅಂದರೆ ನನ್ನ ಕಣ್ಣಿಗೆ ಕಟ್ಟುವುದು ಅದೇ ಚಳಿಗಾಲ.

2015ರ ಡಿಸೆಂಬರ್ 12. ಪೆಂಗ್ವಿನ್ಸ್ 28 ಪಂದ್ಯ ಆಡಿ 15 ಗೆದ್ದಿತ್ತು. ಕೆಟ್ಟ ಲೆಕ್ಕವೇನಲ್ಲ. ಆದರೆ ಸಿಡ್ನಿ ಕ್ರಾಸ್ಬಿ, ಎವ್ಗೆನಿ ಮಾಲ್ಕಿನ್, ಫಿಲ್ ಕೆಸೆಲ್, ಕ್ರಿಸ್ ಲೆಟಾಂಗ್ ಇರುವ ತಂಡಕ್ಕೆ ಗೋಲು ಬರುತ್ತಿರಲಿಲ್ಲ. ಕ್ರಾಸ್ಬಿಗೆ ವಯಸ್ಸಾಯಿತು ಎಂದು ಬರೆಯುವವರೂ ಇದ್ದರು. ಆ ದಿನ ಕೋಚ್ ಮೈಕ್ ಜಾನ್‌ಸ್ಟನ್ ಅವರನ್ನು ತೆಗೆದು, ವಿಲ್ಕ್ಸ್-ಬ್ಯಾರಿಯಲ್ಲಿ ಕಿರಿಯ ತಂಡ ನಡೆಸುತ್ತಿದ್ದ ಸಲಿವನ್ ಅವರನ್ನು ಕರೆಸಿದರು. ಅವರ ಕೈಗೆ ಬಂದ ಮೊದಲ ನಾಲ್ಕು ಪಂದ್ಯಗಳಲ್ಲೂ ಪೆಂಗ್ವಿನ್ಸ್ ಸೋತಿತು. ನಾಲ್ಕಕ್ಕೆ ನಾಲ್ಕು.

ಸಲಿವನ್ ಬದಲಿಸಿದ್ದು ಮುಖ್ಯವಾಗಿ ಪಕ್ ಹೊರಗೆ ಬರುವ ರೀತಿ. ತಮ್ಮ ಮೂಲೆಯಲ್ಲಿ ಪಕ್ ಸಿಕ್ಕ ಡಿಫೆನ್ಸ್ ಆಟಗಾರ ನಿಂತು ಯೋಚಿಸಬಾರದು, ತಕ್ಷಣ ಮೇಲಕ್ಕೆ ಕೊಡಬೇಕು. ಫಾರ್ವರ್ಡ್‌ಗಳು ಗೋಡೆಗೆ ಒರಗಿ ಪಾಸಿಗೆ ಕಾಯಬಾರದು, ಚಲಿಸುತ್ತಲೇ ತೆಗೆದುಕೊಳ್ಳಬೇಕು. ಪಕ್ ಕೊಟ್ಟ ಡಿಫೆನ್ಸ್‌ನವನು ಅಲ್ಲೇ ನಿಲ್ಲದೆ ಹಿಂದಿನಿಂದ ನಾಲ್ಕನೆಯವನಾಗಿ ದಾಳಿಗೆ ಸೇರಬೇಕು. ಇದಕ್ಕೆ ತಕ್ಕ ಕಾಲುಗಳು ಬೇಕಲ್ಲ? ಮ್ಯಾನೇಜರ್ ಜಿಮ್ ರುದರ್‌ಫೋರ್ಡ್ ತಂದುಕೊಟ್ಟರು. ಎರಡೇ ದಿನದಲ್ಲಿ ನಿಧಾನದ ರಾಬ್ ಸ್ಕುಡೆರಿ ಹೋಗಿ, ಪಕ್ ಹಿಡಿದು ಓಡಬಲ್ಲ ಟ್ರೆವರ್ ಡೇಲಿ ಬಂದರು. ಜನವರಿಯಲ್ಲಿ ಡೇವಿಡ್ ಪೆರಾನ್ ಹೋಗಿ ಗಾಳಿಯಂತೆ ಓಡುವ ಕಾರ್ಲ್ ಹಾಗೆಲಿನ್ ಬಂದರು. ವಿಲ್ಕ್ಸ್-ಬ್ಯಾರಿಯಿಂದ ಬ್ರಯಾನ್ ರಸ್ಟ್, ಕಾನರ್ ಶೇರಿ, ಟಾಮ್ ಕೂನ್‌ಹಾಕಲ್ ಮೇಲೆ ಬಂದರು. ಸಲಿವನ್ ಅವರ ಪಾಠವನ್ನು ಈ ಹುಡುಗರು ಮೊದಲೇ ಕಲಿತಿದ್ದರು. ದೊಡ್ಡ ಆಟಗಾರರು ಹೊಸದನ್ನು ಕಲಿಯುತ್ತಿದ್ದ ಹೊತ್ತಿನಲ್ಲಿ ಇವರು ಅದನ್ನು ಆಡಿ ತೋರಿಸುತ್ತಿದ್ದರು. ಆ ಋತು ಮುಗಿದಾಗ ವಯಸ್ಸಾಯಿತು ಅನ್ನಿಸಿಕೊಂಡಿದ್ದ ಕ್ರಾಸ್ಬಿ ಹೆಸರಿನಲ್ಲಿ 36 ಗೋಲು, 85 ಪಾಯಿಂಟ್ (ಗೋಲು ಮತ್ತು ಅಸಿಸ್ಟ್, ಅಂದರೆ ಗೋಲಿಗೆ ದಾರಿಯಾದ ಪಾಸು, ಎರಡೂ ಸೇರಿ) ಇತ್ತು.

ನಿಮಗಾಗಿ ನಾನು ಆರಿಸಿಟ್ಟುಕೊಂಡಿರುವುದು ಕೆಸೆಲ್ ಅವರ ಕಥೆ. ಟೊರಾಂಟೊದಿಂದ ದೊಡ್ಡ ಹೆಸರಿನೊಂದಿಗೆ ಬಂದ ಗೋಲುಗಾರ. ಕ್ರಾಸ್ಬಿ ಅಥವಾ ಮಾಲ್ಕಿನ್ ಪಕ್ಕದಲ್ಲಿ ಆಡುತ್ತಾರೆ ಎಂದೇ ಎಲ್ಲರ ನಿರೀಕ್ಷೆ. 2016ರ ಮಾರ್ಚ್‌ನಲ್ಲಿ ಮಾಲ್ಕಿನ್‌ಗೆ ಪೆಟ್ಟಾಯಿತು. ಸಲಿವನ್ ಆಗ ನಿಕ್ ಬೊನಿನೊ ಎಂಬ, ಯಾರೂ ತಾರೆ ಎಂದು ಕರೆಯದ ಸೆಂಟರ್‌ನ ಒಂದು ಪಕ್ಕ ಹಾಗೆಲಿನ್, ಇನ್ನೊಂದು ಪಕ್ಕ ಕೆಸೆಲ್ ಅವರನ್ನಿಟ್ಟರು. ಮಾಲ್ಕಿನ್ ವಾಪಸು ಬಂದ ಮೇಲೂ ಆ ಮೂವರನ್ನು ಒಡೆಯಲಿಲ್ಲ. ಕಾಗದದ ಮೇಲೆ ಅದು ಮೂರನೇ ಲೈನ್, ಅಂದರೆ ಫಾರ್ವರ್ಡ್‌ಗಳ ಮೂರನೇ ಗುಂಪು. ನಿಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೆಸೆಲ್ ಅವರನ್ನು ಮೂರನೆಯದಕ್ಕೆ ಇಳಿಸಿದರು. ಆದರೆ ಎದುರಾಳಿಯ ಕೋಚ್ ತನ್ನ ಒಳ್ಳೆಯ ಡಿಫೆನ್ಸ್ ಜೋಡಿಯನ್ನು ಕ್ರಾಸ್ಬಿಗೆ ಇಟ್ಟ, ಎರಡನೆಯದನ್ನು ಮಾಲ್ಕಿನ್‌ಗೆ ಇಟ್ಟ. ಕೆಸೆಲ್ ಎದುರಿಗೆ ಬರುತ್ತಿದ್ದದ್ದು ಮೂರನೆಯದು. ಬೊನಿನೊ ತಾಳ್ಮೆಯಿಂದ ಪಕ್ ಕಾಯ್ದುಕೊಡುತ್ತಿದ್ದರು, ಹಾಗೆಲಿನ್ ಮೊದಲು ಹೋಗಿ ಪಕ್ ಕಿತ್ತು ತರುತ್ತಿದ್ದರು, ಕೆಸೆಲ್ ತಮಗೆ ಬರುವ ಕೆಲಸವನ್ನು ಮಾಡಿದರು. ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಎಚ್‌ಬಿಕೆ ಎಂದು ಊರೆಲ್ಲ ಕೂಗಿತು. ಆ ವರ್ಷದ ಪ್ಲೇಆಫ್‌ನಲ್ಲಿ (ಕಪ್‌ಗಾಗಿ ನಡೆಯುವ ನಾಕೌಟ್ ಹಂತ) ತಂಡದಲ್ಲೇ ಅತಿ ಹೆಚ್ಚು ಪಾಯಿಂಟ್ ಗಳಿಸಿದ್ದು ಕೆಸೆಲ್: 10 ಗೋಲು, 12 ಅಸಿಸ್ಟ್. ವಾಷಿಂಗ್ಟನ್ ತಂಡವನ್ನು ಓವರ್‌ಟೈಮ್‌ನಲ್ಲಿ ಮನೆಗೆ ಕಳಿಸಿದ ಗೋಲು ಬೊನಿನೊ ಅವರದು. ಜೂನ್ 12ರಂದು ಸ್ಯಾನ್ ಹೋಸೆಯಲ್ಲಿ 3-1ರಿಂದ ಗೆದ್ದು ಕಪ್ ಎತ್ತಿದರು. ಡಿಸೆಂಬರ್ 12ರಿಂದ ಜೂನ್ 12ಕ್ಕೆ ಸರಿಯಾಗಿ ಆರು ತಿಂಗಳು.

ಮರುವರ್ಷ ಲೆಟಾಂಗ್ ಕುತ್ತಿಗೆಯ ಶಸ್ತ್ರಚಿಕಿತ್ಸೆಯಿಂದಾಗಿ ಪ್ಲೇಆಫ್ ಆಡಲೇ ಇಲ್ಲ. ಪಕ್ ಹೊತ್ತು ತರುವ ಆ ಒಬ್ಬನ ಕೆಲಸವನ್ನು ಆರು ಜನ ಡಿಫೆನ್ಸ್‌ಗಳು ಹಂಚಿಕೊಂಡು 2017ರಲ್ಲೂ ಗೆದ್ದರು. ಆಟಗಾರ ಇಲ್ಲದಾದಾಗ ಸಿಸ್ಟಮ್ಮನ್ನೇ ಬಗ್ಗಿಸಿದ್ದಕ್ಕೆ ನಾನು ಸಲಿವನ್ ಅವರನ್ನು ಇನ್ನೂ ಹೆಚ್ಚು ಮೆಚ್ಚುತ್ತೇನೆ.

ನಿಮ್ಮ ಮಗನ ಕೋಚ್‌ಗೂ ಸಲಿವನ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮಕ್ಕಳ ತಂಡದಲ್ಲಿ ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಇಲ್ಲ. ಡೇಲಿಯನ್ನು ತಂದುಕೊಡುವ ಮ್ಯಾನೇಜರ್ ಇಲ್ಲ. ಟ್ರೈಔಟ್ ಮುಗಿದ ಮೇಲೆ ಕೈಯಲ್ಲಿರುವ ಹದಿನೈದು ಹದಿನಾರು ಮಕ್ಕಳಲ್ಲೇ ಎಲ್ಲವನ್ನೂ ಹೊಂದಿಸಬೇಕು. ಪಕ್ಕನ್ನು ಚೆನ್ನಾಗಿ ಹೊರತರುವ ಡಿಫೆನ್ಸ್ ಬೇಕು ಅಂದರೆ ಇರುವವರಲ್ಲೇ ಒಬ್ಬನನ್ನು ತಯಾರು ಮಾಡಬೇಕು. ಆಗ ಕೋಚ್ ಕಣ್ಣು ಮೊದಲು ಹೋಗುವುದು ಸೆಂಟರ್‌ಗಳ ಮೇಲೆ. ನಮ್ಮ ಗೋಲಿನ ಬಳಿ ಕಾಯುವಾಗ ವಿಂಗರ್‌ಗಳು ಮೇಲೆ, ಎದುರಾಳಿ ಡಿಫೆನ್ಸ್‌ಗಳ ಮುಂದೆ ನಿಂತಿರುತ್ತಾರೆ. ಸೆಂಟರ್ ಮಾತ್ರ ಕೆಳಗಿಳಿದು ಇಬ್ಬರು ಡಿಫೆನ್ಸ್‌ಗಳ ಜೊತೆ ಮೂಲೆ, ಗೋಲಿನ ಹಿಂಭಾಗ ಎಲ್ಲವನ್ನೂ ಕಾಯುತ್ತಾನೆ. ನಿಮ್ಮ ಮಗ ಮೂರು ವರ್ಷದಿಂದ ಅರ್ಧ ಡಿಫೆನ್ಸ್ ಆಡಿಯೇ ಇದ್ದಾನೆ. ಗೋಲುಗಳ ನಡುವೆ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಎರಡನೆಯದು ಅವನ ಬಲಗಡೆಯ ಶಾಟ್. ಈ ಆಟದಲ್ಲಿ ಎಡಗಡೆಯಿಂದ ಹೊಡೆಯುವವರೇ ಹೆಚ್ಚು, ಬಲದವರು ಕಡಿಮೆ, ಬಲದ ಡಿಫೆನ್ಸ್‌ಗಳಂತೂ ಇನ್ನೂ ಕಡಿಮೆ. ಬಲಬದಿಯಲ್ಲಿ ಆಡುವವನಿಗೆ ಅದು ಯಾಕೆ ಬೇಕು ಅಂದರೆ, ಮುಂದಕ್ಕೆ ಮುಖ ಮಾಡಿ ನಿಂತಾಗ ಗೋಡೆ ಅವನ ಬಲಕ್ಕಿರುತ್ತದೆ, ಕೋಲಿನ ಅಲಗೂ ಬಲಕ್ಕೇ ಇರುತ್ತದೆ. ಗೋಡೆಯಂಚಿನಲ್ಲಿ ಜಾರಿ ಬರುವ ಪಕ್ಕನ್ನು ಫೋರ್‌ಹ್ಯಾಂಡ್‌ನಲ್ಲಿ ಹಿಡಿದು, ಅದೇ ಬೀಸಿಗೆ ಮೇಲೆ ಕೊಡಬಹುದು. ಎಡದವನಾದರೆ ಅದನ್ನು ಬ್ಯಾಕ್‌ಹ್ಯಾಂಡ್‌ನಲ್ಲಿ ಹಿಡಿಯಬೇಕು, ಇಲ್ಲವೇ ಮೈ ತಿರುಗಿಸಬೇಕು. ಆ ತಿರುಗುವ ಅರೆಗಳಿಗೆಯಲ್ಲಿ ಎದುರಾಳಿ ಮೈಮೇಲೆ ಇರುತ್ತಾನೆ.

ಮುಂದಿನ ಪಂದ್ಯದಲ್ಲಿ ಇದೊಂದನ್ನು ನೋಡಿ. ಎದುರಾಳಿ ಪಕ್ಕನ್ನು ನಿಮ್ಮ ಮಗನ ಮೂಲೆಗೆ ಎಸೆಯುತ್ತಾನೆ. ಮಗ ಬೆನ್ನು ತಿರುಗಿಸಿ ಓಡುತ್ತಾನೆ. ಗೋಡೆ ತಲುಪುವ ಮೊದಲು ಅವನ ತಲೆ ಒಮ್ಮೆ ಬಲಭುಜದ ಮೇಲೆ, ಒಮ್ಮೆ ಎಡಭುಜದ ಮೇಲೆ ತಿರುಗಬೇಕು. ಹಿಂದೆ ಬರುತ್ತಿರುವವನು ಎಷ್ಟು ದೂರ, ಯಾವ ಕಡೆಯಿಂದ ಬರುತ್ತಿದ್ದಾನೆ ಎಂಬುದನ್ನು ಆ ಎರಡು ನೋಟದಲ್ಲೇ ತಿಳಿಯಬೇಕು. ಅಷ್ಟರಲ್ಲಿ ಗೋಲಿ ಅಥವಾ ಜೊತೆಗಾರ ಕೂಗುತ್ತಾನೆ. "ಅಪ್" ಅಂದರೆ ಗೋಡೆಯಂಚಿಗೆ ಮೇಲಿರುವ ವಿಂಗರ್‌ಗೆ ಕೊಡು. "ಓವರ್" ಅಂದರೆ ಗೋಲಿನ ಹಿಂದಿನಿಂದ ಜೊತೆಗಾರನಿಗೆ ತಳ್ಳು. "ವೀಲ್" ಅಂದರೆ ನೀನೇ ಗೋಲಿನ ಹಿಂದೆ ಸುತ್ತಿ ಓಡು. "ರಿವರ್ಸ್" ಅಂದರೆ ಬಂದ ದಾರಿಗೇ ಹಿಂದಕ್ಕೆ ಬಿಡು. ಪಕ್ ಕೋಲಿಗೆ ತಾಗುವ ಹೊತ್ತಿಗೆ ತೀರ್ಮಾನ ಆಗಿರಬೇಕು. ಇಷ್ಟೂ ನಡೆಯುವುದು ಎರಡು ಮೂರು ಸೆಕೆಂಡಿನಲ್ಲಿ. ಆ ಪಾಸು ಸರಿಯಾಗಿ ಹೋದರೆ ನಮ್ಮವರು ಮೂರು ಜನ ವೇಗದಲ್ಲಿ ಎದುರಿನ ನೀಲಿ ಗೆರೆ ದಾಟುತ್ತಾರೆ, ಹತ್ತು ಸೆಕೆಂಡಿನ ನಂತರ ಗೋಲಾಗುತ್ತದೆ. ಗೋಲು ಬೇರೆಯವನ ಹೆಸರಿಗೆ ಹೋಗುತ್ತದೆ. ಅದು ಶುರುವಾದದ್ದು ನಿಮ್ಮ ಮಗನ ಎರಡು ಭುಜದ ನೋಟದಿಂದ.

ಈ ಕೆಲಸ ಈ ವರ್ಷವೇ ಇಷ್ಟು ಮುಖ್ಯವಾಗಲು ಇನ್ನೊಂದು ಕಾರಣವಿದೆ. ಅಮೆರಿಕದಲ್ಲಿ ಹುಡುಗರಿಗೆ ಬಾಡಿ ಚೆಕಿಂಗ್‌ಗೆ (ಪಕ್ ಇರುವವನಿಗೆ ಮೈ ಕೊಟ್ಟು ತಳ್ಳುವುದಕ್ಕೆ) ಅನುಮತಿ ಸಿಗುವುದು 14ಯು ಹಂತದಿಂದ. 12ಯು ತನಕ ಮೂಲೆಗೆ ನಿಧಾನವಾಗಿ ಹೋಗಿ ಪಕ್ ಹುಡುಕಿದರೂ ನಡೆಯುತ್ತಿತ್ತು. ಈಗ ಹಿಂದಿನಿಂದ ಓಡಿ ಬರುವವನು ಭುಜ ಕೊಟ್ಟು ತಳ್ಳುತ್ತಾನೆ. ಪಕ್ಕನ್ನು ಬೇಗ ಬಿಟ್ಟವನು ಪೆಟ್ಟು ತಪ್ಪಿಸಿಕೊಳ್ಳುತ್ತಾನೆ. ತಲೆ ಎತ್ತಿ ಆಡುವ, ಕೈ ಚುರುಕಾದ ಹುಡುಗನನ್ನೇ ಹಿಂದೆ ಇಡಬೇಕೆಂದು ಹೊಸ ಕೋಚ್‌ಗೆ ಅನ್ನಿಸಿದ್ದರೆ ಅದು ಮಗನ ಮೇಲಿನ ನಂಬಿಕೆ. ಆದರೆ ಗೋಡೆಯ ಬಳಿ ಪೆಟ್ಟು ತೆಗೆದುಕೊಳ್ಳುವುದು ಹೇಗೆ ಎಂದು ಕಲಿಸಿದ್ದಾರಾ ಎಂಬುದನ್ನು ಮಾತ್ರ ಖಂಡಿತ ಕೇಳಿ. ಗೋಡೆಯಿಂದ ಒಂದೆರಡು ಅಡಿ ದೂರದಲ್ಲಿ ಬೆನ್ನು ಕೊಟ್ಟು ನಿಲ್ಲುವುದು ಅತ್ಯಂತ ಅಪಾಯ. ಒಂದೋ ಗೋಡೆಗೆ ಪೂರ್ತಿ ಅಂಟಿಕೊಳ್ಳಬೇಕು, ಇಲ್ಲವೇ ಅದರಿಂದ ಚೆನ್ನಾಗಿ ದೂರ ಇರಬೇಕು.

ಜಾಗ ಬದಲಾಗಿ ಬದುಕೇ ಬದಲಾದವರೂ ಇದ್ದಾರೆ. ಬ್ರೆಂಟ್ ಬರ್ನ್ಸ್ ಅವರನ್ನು 2003ರಲ್ಲಿ ಮಿನ್ನೆಸೋಟ ಆಯ್ದುಕೊಂಡಾಗ ಅವರು ರೈಟ್ ವಿಂಗರ್. ಅವರನ್ನು ಡಿಫೆನ್ಸ್‌ಗೆ ತಿರುಗಿಸಿದ ಕೋಚ್ ಯಾರು ಗೊತ್ತೇ? ಅದೇ ಜಾಕ್ ಲೆಮೇರ್. ಮುಂದೆ ಸ್ಯಾನ್ ಹೋಸೆಯಲ್ಲಿ ಬರ್ನ್ಸ್ ಅವರನ್ನು ಕೋಚ್ ಟಾಡ್ ಮೆಕ್ಲೆಲನ್ ಮತ್ತೆ ಫಾರ್ವರ್ಡ್ ಮಾಡಿದರು, ಆಮೇಲೆ ಮತ್ತೆ ಡಿಫೆನ್ಸ್‌ಗೆ ತಂದರು. 2016-17ರಲ್ಲಿ ಡಿಫೆನ್ಸ್‌ನಲ್ಲಿ ನಿಂತೇ 29 ಗೋಲು ಹೊಡೆದು, ಲೀಗ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಪಡೆದರು. ವಿಂಗರ್ ಆಗಿದ್ದಾಗ ಕಲಿತದ್ದು ಅವರಲ್ಲಿ ಎಲ್ಲೂ ಕಳೆದುಹೋಗಿರಲಿಲ್ಲ. ಎದುರಾಳಿ ಫಾರ್ವರ್ಡ್ ಮುಂದೇನು ಮಾಡುತ್ತಾನೆ ಎಂಬುದು ಅದೇ ಕೆಲಸ ಮಾಡಿದವನಿಗೆ ಗೊತ್ತಿರುತ್ತದೆ.

ಇನ್ನು ನಾಲ್ಕು ಸೋಲಿನ ಮಾತು. ಹೊಸ ಲೆಕ್ಕ ಕಲಿಯುವಾಗ ಮಕ್ಕಳು ಯೋಚಿಸಿ ಆಡುತ್ತಾರೆ. ಯೋಚಿಸಿದಾಗ ಕಾಲು ಅರ್ಧ ಕ್ಷಣ ತಡವಾಗುತ್ತದೆ, ಈ ಆಟದಲ್ಲಿ ಅರ್ಧ ಕ್ಷಣ ಬಹಳ. ಅಭ್ಯಾಸವಾದ ಮೇಲೆ ಆ ತಡ ಹೋಗುತ್ತದೆ. ಹಾಗೆಂದು ಸೋತದ್ದೆಲ್ಲ ಕಲಿಕೆಯೇ ಎಂದೂ ನಾನು ಹೇಳುವುದಿಲ್ಲ. ಸಿಸ್ಟಮ್ಮೇ ತಪ್ಪಾಗಿರಬಹುದು. ಸ್ವೀಡನ್ ತಂಡಕ್ಕೆ ಹಾರ್ಡಿ ನಿಲ್ಸನ್ ಕೋಚ್ ಆಗಿ ಬಂದಾಗ ಸ್ಥಾನಗಳ ಹೆಸರನ್ನೇ ಬದಲಿಸಿಬಿಟ್ಟಿದ್ದರು: ಮುಂದೆ ಇಬ್ಬರು ಟಾರ್ಪೆಡೊ, ನಡುವೆ ಇಬ್ಬರು ಹಾಫ್‌ಬ್ಯಾಕ್, ಹಿಂದೆ ಒಬ್ಬ ಲಿಬೆರೊ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲಿ ಕೆನಡಾವನ್ನು 5-2ರಿಂದ ಸೋಲಿಸಿದಾಗ ಜಗತ್ತೇ ಬೆರಗಾಯಿತು. ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ತಂಡ ಬೆಲಾರೂಸ್ ಕೈಯಲ್ಲಿ 4-3ರಿಂದ ಸೋತು ಮನೆಗೆ ಹೋಯಿತು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೋಚ್ ಆದ ಎರಡನೇ ವರ್ಷ, ಟಿವಿಯಲ್ಲಿ ನೋಡಿ ಮೆಚ್ಚಿದ್ದ 2-1-2 ಅನ್ನು ಹನ್ನೊಂದು ವರ್ಷದ ಮಕ್ಕಳಿಗೆ ಹೇರಿದೆ. ಅವರಲ್ಲಿ ಹಿಂದಕ್ಕೆ ಓಡಿ ಬರುವ ಕಾಲು ಮೂವರಿಗೆ ಮಾತ್ರ ಇತ್ತು. ಇಬ್ಬರು ಮುಂದೆ ಸಿಕ್ಕಿಹಾಕಿಕೊಂಡರೆ ಎದುರಾಳಿ ಇಬ್ಬರೋ ಮೂವರೋ ನಮ್ಮ ಒಬ್ಬಳೇ ಡಿಫೆನ್ಸ್ ಹುಡುಗಿಯ ಮೇಲೆ ಬರುತ್ತಿದ್ದರು. ಒಂದು ಶನಿವಾರ ಪಂದ್ಯ ಮುಗಿದು ಎಲ್ಲರೂ ಬೂಟು ಬಿಚ್ಚುತ್ತಿದ್ದಾಗ ನಮ್ಮ ಗೋಲಿ ಮೂಲೆಯಲ್ಲಿ ಮಾಸ್ಕ್ ತೆಗೆಯದೆ ಕೂತಿದ್ದ. ಹತ್ತಿರ ಹೋದಾಗ ಜಾಲರಿಯ ಹಿಂದೆ ಕಣ್ಣೀರು ಕಂಡಿತು. "ನನ್ನ ಮುಂದೆ ಯಾರೂ ಇರಲ್ಲ ಕೋಚ್" ಅಂದ. ಆ ರಾತ್ರಿಯೇ ಬೋರ್ಡ್ ಒರೆಸಿ 1-2-2 ಬರೆದೆ. ಉಳಿದ ಪಂದ್ಯಗಳನ್ನೆಲ್ಲ ಗೆಲ್ಲಲಿಲ್ಲ, ಆದರೆ ಆ ಹುಡುಗನ ಮುಂದೆ ಯಾರಾದರೂ ಇರುತ್ತಿದ್ದರು. ಅಲ್ಲಿಂದೀಚೆಗೆ ಯಾವ ತಂಡ ಕೈಗೆ ಬಂದರೂ ಮೊದಲು ಕಾಲು ನೋಡುತ್ತೇನೆ, ಬೋರ್ಡ್ ಆಮೇಲೆ.

ಕೋಚ್ ಹತ್ತಿರ ಮಾತಾಡಬೇಕೇ ಅಂದಿರಿ. ಮಾತಾಡಿ, ಖಂಡಿತ. ಪಂದ್ಯ ಮುಗಿದ ಕೂಡಲೇ ಬೇಡ. ಬಹಳ ತಂಡಗಳಲ್ಲಿ 24 ಗಂಟೆ ಕಾಯುವ ನಿಯಮವೇ ಇದೆ, ನಿಮ್ಮಲ್ಲಿ ಬರೆದಿಲ್ಲದಿದ್ದರೂ ಪಾಲಿಸಿ. "ಮಗನನ್ನು ಯಾಕೆ ಇಳಿಸಿದಿರಿ" ಎಂದು ಕೇಳಬೇಡಿ. "ಡಿಫೆನ್ಸ್‌ನಲ್ಲಿ ಅವನಿಂದ ನಿಮಗೆ ಬೇಕಾದದ್ದೇನು? ಅದಕ್ಕೆ ಅವನು ಮನೆಯಲ್ಲಿ ಏನು ಅಭ್ಯಾಸ ಮಾಡಬೇಕು?" ಎಂದು ಕೇಳಿ. ಸಾಧ್ಯವಾದರೆ ಮಗನೇ ಕೇಳಲಿ, ನೀವು ಪಕ್ಕದಲ್ಲಿರಿ. 13 ವರ್ಷಕ್ಕೆ ಅದು ಅವನ ಕೈಲಾಗುವ ಕೆಲಸ. ಒಳ್ಳೆಯ ಕೋಚ್ ಆಗಿದ್ದರೆ ಎರಡು ನಿಮಿಷದಲ್ಲಿ ನಿಖರವಾದ ಉತ್ತರ ಬರುತ್ತದೆ: ಹಿಂದಕ್ಕೆ ಸ್ಕೇಟ್ ಮಾಡುವಾಗ ಬಲಕ್ಕೆ ತಿರುಗುವುದು ನಿಧಾನ, ಇಬ್ಬರು ಎದುರು ಬಂದಾಗ ನಡುವಿನ ಪಾಸು ಬಿಡುತ್ತಾನೆ, ಇಂಥದ್ದು. "ತಂಡಕ್ಕಾಗಿ" ಎಂಬ ಒಂದೇ ಮಾತು ಬಂದರೆ, ಮಗ ತಪ್ಪು ಮಾಡಿದಾಗಲೆಲ್ಲ ಏನೂ ಹೇಳದೆ ಬೆಂಚಿಗೆ ಕೂರಿಸುತ್ತಿದ್ದರೆ, ಪ್ರತಿ ಪಂದ್ಯಕ್ಕೂ ಜಾಗ ಬದಲಾಗುತ್ತಿದ್ದರೆ, ಆಗ ನನಗೂ ಚಿಂತೆಯಾಗುತ್ತದೆ. ಅಂಥ ಕಡೆ ಸಿಸ್ಟಮ್ ಎಂಬುದು ಬರೀ ಹೆಸರು. ಇನ್ನೊಂದು ವಿಷಯವನ್ನೂ ಕೇಳಿ: ಅಭ್ಯಾಸದ ಸಣ್ಣ ಆಟಗಳಲ್ಲಿ ಆಗಾಗ ಅವನನ್ನು ಮುಂದೆಯೂ ಆಡಿಸುತ್ತೀರಾ? ಈ ವಯಸ್ಸಿಗೆ ಒಂದೇ ಜಾಗಕ್ಕೆ ಕಟ್ಟಿಹಾಕುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ, ಅಮೆರಿಕದ ಮಕ್ಕಳ ಹಾಕಿ ತರಬೇತಿಯ ಕ್ರಮವೂ ಅದನ್ನೇ ಹೇಳುತ್ತದೆ. ಈ ಕೋಚ್‌ಗೆ ಡಿಸೆಂಬರ್ ಕೊನೆಯವರೆಗೆ ಸಮಯ ಕೊಡಿ.

ಆ ತನಕ ಒಂದು ಕೆಲಸ. ಗಾಜಿನ ಪಕ್ಕ ನಿಲ್ಲುವ ಬದಲು ಮೆಟ್ಟಿಲ ಮೇಲಿನ ಸಾಲಿಗೆ ಹೋಗಿ, ಗೋಲಿನ ಹಿಂಬದಿಗೆ ಕೂತು ನೋಡಿ. ಅಲ್ಲಿಂದ ಐದೂ ಜನ ಒಟ್ಟಿಗೆ ಕಾಣುತ್ತಾರೆ. ಎರಡು ಶಿಫ್ಟ್ (ಮಗ ಐಸ್ ಮೇಲಿರುವ ಸರದಿ) ಪಕ್ಕನ್ನು ನೋಡಲೇಬೇಡಿ, ಮಗನ ತಲೆಯನ್ನು ಮಾತ್ರ ನೋಡಿ. ವಾಪಸು ಬರುವಾಗ ಕಾರಿನಲ್ಲಿ ಗೋಲಿನ ಮಾತು ಎತ್ತಬೇಡಿ. "ಎರಡನೇ ಪೀರಿಯಡ್‌ನಲ್ಲಿ ಮೂಲೆಗೆ ಹೋಗುವಾಗ ಎರಡೂ ಭುಜದ ಮೇಲೆ ನೋಡಿದೆಯಲ್ಲ, ಹಿಂದೆ ಯಾರು ಬರ್ತಿದ್ದ?" ಎಂದು ಕೇಳಿ. ಅವನು ಉತ್ತರ ಹೇಳಲು ಶುರು ಮಾಡಿದರೆ ಮನೆ ಬರುವ ತನಕ ನಡುವೆ ಬಾಯಿ ಹಾಕಬೇಡಿ.